ಫೈಲು ಹೊರುವವರು ಫೈಲು ಬಿಚ್ಚಿಯೂ ನೋಡಬೇಕು

ಐದು ವರ್ಷದ ಎಲ್‌ಎಲ್‌ಬಿಯ ಮೂರನೇ ವರ್ಷದಲ್ಲಿರುವ ತಿಪಟೂರಿನ ಓದುಗರೊಬ್ಬರು ಕೇಳಿದ್ದಾರೆ: ‘ಸೀನಿಯರ್ ಆಫೀಸಿನಲ್ಲಿ ಫೈಲು ಹೊರುವುದು, ಜೆರಾಕ್ಸ್ ಮಾಡಿಸುವುದು ಬಿಟ್ಟರೆ ಕೆಲಸವಿಲ್ಲ. ಬೆಂಗಳೂರಿನ ದೊಡ್ಡ ಲಾ ಫರ್ಮ್‌ಗೆ ಹೋಗಲೇ? ಇಲ್ಲವೇ ಪರಿಚಯದವರಿಂದ ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಬರೆಸಿಕೊಂಡು ಪರೀಕ್ಷೆಗೆ ಓದಲೇ?’

ಸರ್ಟಿಫಿಕೇಟ್ ಮಾತನ್ನು ಮೊದಲು ಮುಗಿಸೋಣ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ನಿಯಮಗಳಂತೆ ನಿಮ್ಮ ಕೋರ್ಸಿಗೆ ಕನಿಷ್ಠ 20 ವಾರ, ಮೂರು ವರ್ಷದ ಕೋರ್ಸಿಗೆ 12 ವಾರ ಇಂಟರ್ನ್‌ಶಿಪ್ ಆಗಬೇಕು. ಸತತವಾಗಿ ನಾಲ್ಕು ವಾರಕ್ಕಿಂತ ಹೆಚ್ಚು ಮಾಡುವಂತಿಲ್ಲ, ಹಾಗಾಗಿ ಕೊನೆಯ ವರ್ಷಕ್ಕೆ ಎಲ್ಲವನ್ನೂ ಗುಡ್ಡೆ ಹಾಕಿಕೊಳ್ಳಬೇಡಿ. ಕ್ಲಿನಿಕಲ್ (ಪ್ರಾಯೋಗಿಕ) ಪತ್ರಿಕೆಯಲ್ಲಿ ಒಂದು ಸಿವಿಲ್, ಒಂದು ಕ್ರಿಮಿನಲ್ ವಿಚಾರಣೆ ನೋಡಿ ಬರೆಯುವುದಕ್ಕೇ 30 ಅಂಕಗಳಿವೆ. ಕೋರ್ಟಿಗೇ ಹೋಗದವರು ವೈವಾದಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ.

ಮೂರನೇ ವರ್ಷದಲ್ಲಿ ಫರ್ಮ್‌ಗಿಂತ ನಿಮ್ಮೂರಿನ ಕೋರ್ಟೇ ಮೇಲು. ಫರ್ಮ್‌ನಲ್ಲಿ ಇಂಟರ್ನ್‌ಗಳ ಪಾಲಿಗೆ ಬರುವುದು ಹೆಚ್ಚಾಗಿ ತೀರ್ಪು ಹುಡುಕುವ ಕೆಲಸ. ದಾವೆ ಹೇಗೆ ನಡೆಯುತ್ತದೆಂದು ಗೊತ್ತಿಲ್ಲದವರಿಗೆ ಆ ತೀರ್ಪುಗಳಿಂದ ದಕ್ಕುವುದು ಅಷ್ಟಕ್ಕಷ್ಟೇ.

ಇನ್ನು ಫೈಲು ಹೊರುವ ಬೇಸರ. ಹೊರುವ ಫೈಲನ್ನು ಸೀನಿಯರ್ ಒಪ್ಪಿಗೆ ಪಡೆದು ಹಿಂದಿನ ಸಂಜೆಯೇ ಓದಿ. ಚೆಕ್ ಬೌನ್ಸ್ ಪ್ರಕರಣದಿಂದ ಶುರುಮಾಡಿ: ಕಾಗದ ಕಡಿಮೆ, ಆದರೆ ಇಡೀ ಕೇಸು ತಾರೀಖುಗಳ ಮೇಲೆ ನಿಂತಿರುತ್ತದೆ. ಚೆಕ್ಕಿನ ದಿನಾಂಕದಿಂದ ಮೂರು ತಿಂಗಳೊಳಗೆ ಅದನ್ನು ಬ್ಯಾಂಕಿಗೆ ಹಾಕಿದ್ದಾರೆಯೇ? ಚೆಕ್ ವಾಪಸಾದ ಮಾಹಿತಿ ಸಿಕ್ಕ 30 ದಿನದೊಳಗೆ ನೋಟಿಸ್ ಹೋಗಿದೆಯೇ? ನೋಟಿಸ್ ಕೈಸೇರಿದ ಮೇಲೆ ಆರೋಪಿಗೆ ಹಣ ಕಟ್ಟಲು 15 ದಿನದ ಅವಕಾಶ, ಅದು ಮುಗಿದ ಮೇಲೆ ದೂರು ಕೊಡಲು ಒಂದು ತಿಂಗಳು. ಹೊಸಬರು ಎಡವುವುದು ಇಲ್ಲಿಯೇ, 15 ದಿನವನ್ನು ನೋಟಿಸಿನ ಮೇಲಿರುವ ದಿನಾಂಕದಿಂದ ಎಣಿಸಿಬಿಡುತ್ತಾರೆ. ಮಾರ್ಚ್ 10ಕ್ಕೆ ನೋಟಿಸ್ ತಲುಪಿದ್ದರೆ 25ರವರೆಗೂ ಹಣ ಕಟ್ಟಬಹುದು. ಅದಕ್ಕೂ ಮುಂಚೆ ಕೊಟ್ಟ ದೂರು ನಿಲ್ಲುವುದಿಲ್ಲವೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಡವಾಗಿ ಕೊಟ್ಟ ದೂರಿಗಾದರೆ ಕಾರಣ ತೋರಿಸಿ ವಿಳಂಬ ಮನ್ನಾ ಕೇಳಬಹುದು. ಆದ್ದರಿಂದ ಮೊದಲು ಅಂಚೆ ಸ್ವೀಕೃತಿ ಹುಡುಕಿ, ಆಮೇಲೆ ಲೆಕ್ಕ ಹಾಕಿ.

ಪಾಟೀ ಸವಾಲು ನೋಡುವಾಗ ಮುಖ್ಯ ವಿಚಾರಣೆಯ ಅಫಿಡವಿಟ್ (ಸಾಕ್ಷಿಯ ಲಿಖಿತ ಹೇಳಿಕೆ) ಓದಿಕೊಂಡೇ ಕೂತಿರಿ; ಇಲ್ಲದಿದ್ದರೆ ಯಾವ ಪ್ರಶ್ನೆ ಯಾವ ಸಾಲಿಗೆ ತಾಗಿತೆಂದು ತಿಳಿಯದು. ಡೈರಿಯಲ್ಲಿ ‘ಕೋರ್ಟಿಗೆ ಹಾಜರಾದೆ’ ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಕೇಸು ಯಾವ ಹಂತದಲ್ಲಿದೆ, ಯಾಕೆ ಮುಂದೆ ಹೋಯಿತು ಎಂಬುದಿರಲಿ. ಮುಂದಿನ ತಾರೀಖನ್ನು ಇ-ಕೋರ್ಟ್ಸ್‌ನಲ್ಲಿ ಸಿಎನ್‌ಆರ್ (ಪ್ರತಿ ಕೇಸಿನ ಗುರುತಿನ) ಸಂಖ್ಯೆ ಹಾಕಿ ತಾಳೆ ನೋಡಿ.

ಬಿಳಿ ಅಂಗಿ, ಕಪ್ಪು ಟೈ, ಕಪ್ಪು ಕೋಟು ಸಾಕು. ಬ್ಯಾಂಡ್, ಗೌನ್ ಸನ್ನದು ಸಿಕ್ಕಮೇಲೆ. ಸೀನಿಯರ್ ಬೇರೆ ಹಾಲ್‌ನಲ್ಲಿದ್ದಾರೆಂದು ನೀವೇ ಎದ್ದು ನಿಂತು ವಾಯಿದೆ ಕೇಳಬೇಡಿ, ಆ ಹಕ್ಕು ವಕೀಲರಿಗೆ ಮಾತ್ರ. ಕಕ್ಷಿದಾರರ ಕಾಗದ ಪತ್ರಗಳ ಫೋಟೊ ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಹೋಗಲೇಬಾರದು. (ಹೋಗುತ್ತಿವೆ, ಅದಕ್ಕೇ ಹೇಳಬೇಕಾಯಿತು.)

ಬೆಂಗಳೂರಿಗೆ ಖಂಡಿತ ಹೋಗಿ, ಆದರೆ ನಾಲ್ಕನೇ ವರ್ಷದಲ್ಲಿ, ಅದೂ ಮೊದಲು ಹೈಕೋರ್ಟಿನಲ್ಲಿ ಅಪೀಲು ನಡೆಸುವ ವಕೀಲರ ಬಳಿಗೆ. ವಿಚಾರಣಾ ಮತ್ತು ಮೇಲ್ಮನವಿ ವಕೀಲರ ಬಳಿ ಒಮ್ಮೆಯಾದರೂ ಇರಬೇಕೆಂಬುದೂ ನಿಯಮವೇ. ಅಲ್ಲಿ ಆರ್‌ಎಸ್‌ಎ, ಅಂದರೆ ಎರಡನೇ ಅಪೀಲಿನ ಫೈಲು ಕೇಳಿ ಪಡೆಯಿರಿ. ಕೆಳಗಿನ ಎರಡೂ ಕೋರ್ಟುಗಳ ತೀರ್ಪು ಒಂದೇ ಕಟ್ಟಿನಲ್ಲಿ ಸಿಗುತ್ತವೆ.

-ಸಂಪಾದಕರು