ಬಾಗಲಕೋಟೆಯಿಂದ ಮೊದಲ ಸಲ ಮುಂಬೈಗೆ ಹೋಗುವವರು ಎರಡು ದಿನದಲ್ಲಿ ಏನು ನೋಡಬೇಕು?

ಅಪ್ಪ-ಅಮ್ಮ ಜೊತೆಗಿರುತ್ತಾರೆ, ಎರಡೇ ದಿನ ಇದೆ, ನಟರ ಮನೆ, ಮಾಲ್ ಎಲ್ಲ ಬೇಡ ಅಂತ ಬರೆದಿದ್ದೀರಿ. ಓದಿ ಖುಷಿಯಾಯಿತು. ನಾನು ವಿಜಯಪುರದವಳು, ಅಕ್ಕನ ಮನೆ ಮುಂಬೈಯಲ್ಲಿರುವುದರಿಂದ ಆಗಾಗ ಹೋಗುತ್ತಿರುತ್ತೇನೆ. ನನ್ನನ್ನು ಕೇಳಿದರೆ ಎರಡೂ ದಿನ ಊರಿನ ಪೂರ್ವ ದಂಡೆಯಲ್ಲೇ ಕಳೆಯಿರಿ. ಹೊಸಬರೆಲ್ಲ ಜುಹು, ಬಾಂದ್ರಾ ಅಂತ ಪಶ್ಚಿಮಕ್ಕೆ ಓಡುತ್ತಾರೆ. ಆದರೆ ಮುಂಬೈಯನ್ನು ಮುಂಬೈ ಮಾಡಿದ್ದು ಬಂದರು, ಮತ್ತು ಬಂದರು ಇರುವುದು ಪೂರ್ವಕ್ಕೆ. ಪಶ್ಚಿಮದ ಕಡೆ ತೆರೆದ ಅರಬ್ಬೀ ಸಮುದ್ರ. ಪೂರ್ವದ ಕಡೆ ಊರಿಗೂ ಆಚೆ ದಡಕ್ಕೂ ನಡುವೆ ಅಲೆಯ ಹೊಡೆತ ಕಮ್ಮಿ ಇರುವ ಆಳದ ನೀರು, ಹಡಗು ನಿಲ್ಲೋದಕ್ಕೆ ಹೇಳಿ ಮಾಡಿಸಿದಂಥ ಜಾಗ. ಇಂಗ್ಲಿಷರು ಇಂದು ಮುಂಬೈ ಆಗಿರುವ ಏಳು ಸಣ್ಣ ದ್ವೀಪಗಳನ್ನು ಬಿಡದೆ ಹಿಡಿದುಕೊಂಡದ್ದೇ ಇದಕ್ಕಾಗಿ.

ಗದಗದ ಕಡೆಯಿಂದ ಬಾಗಲಕೋಟೆ, ವಿಜಯಪುರ, ಸೊಲ್ಲಾಪುರದ ಮೇಲೆ ಹೋಗುವ ರಾತ್ರಿ ರೈಲು ಹಿಡಿದರೆ ಸಿಎಸ್‌ಎಂಟಿಯಲ್ಲಿ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಲ್ಲಿ ಇಳಿಯುತ್ತೀರಿ. ಆ ನಿಲ್ದಾಣದ ಕಟ್ಟಡದ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ, ನೀವೂ ತೆಗೆಸಿಕೊಳ್ಳಿ. ಆಮೇಲೆ ಮಾತ್ರ ಪಕ್ಕದ ಜನರಲ್ ಪೋಸ್ಟ್ ಆಫೀಸಿಗೆ ಹೋಗಿ. 1913ರಲ್ಲಿ ಕಟ್ಟಿ ಮುಗಿಸಿದ ಕಟ್ಟಡ ಅದು. ವಾಸ್ತುಶಿಲ್ಪಿ ಜಾನ್ ಬೆಗ್ ಅದರ ದೊಡ್ಡ ಗುಮ್ಮಟಕ್ಕೆ ಮಾದರಿಯಾಗಿ ಇಟ್ಟುಕೊಂಡದ್ದು ನಮ್ಮ ಗೋಳಗುಮ್ಮಟವನ್ನು! ಒಳಗೆ ಈಗಲೂ ಅಂಚೆ ಕೆಲಸ ನಡೆಯುತ್ತದೆ, ಯಾರು ಬೇಕಾದರೂ ಹೋಗಬಹುದು. ಕೌಂಟರುಗಳ ನಡುವೆ ನಿಂತು ತಲೆ ಎತ್ತಿ ನೋಡಿ. ಮೊಹಮ್ಮದ್ ಆದಿಲ್ ಶಾಹನ ಗೋರಿಯ ಮೇಲಿನ ಗುಮ್ಮಟವನ್ನು ಸಣ್ಣಂದಿನಿಂದ ನೋಡಿದ ನನಗೆ ಅಲ್ಲಿ ನಿಂತಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಅಮ್ಮನ ಕೈಯಲ್ಲಿ ಒಂದು ಕಾರ್ಡು ಬರೆಸಿ ಊರಿಗೆ ಹಾಕಿಸಿ.

ಅಲ್ಲಿಂದ ನಡೆದುಕೊಂಡೇ ಬಲ್ಲಾರ್ಡ್ ಎಸ್ಟೇಟಿಗೆ ಹೋಗಬಹುದು. ಅಗಲ ರಸ್ತೆ, ಸಾಲುಮರ, ಒಂದೇ ಎತ್ತರದ ಕಲ್ಲಿನ ಕಟ್ಟಡಗಳು. ಹಡಗು ಒಳಗೆ ಬಂದು ನಿಲ್ಲುವ ಅಲೆಕ್ಸಾಂಡ್ರಾ ಡಾಕ್ ಅಗೆದಾಗ ಬಂದ ಮಣ್ಣನ್ನೇ ಸಮುದ್ರಕ್ಕೆ ತುಂಬಿ ಈ ನೆಲ ಮಾಡಿದ್ದಾರೆ. ಡಾಕ್ ಒಳಗೆ ನಮ್ಮನ್ನು ಬಿಡುವುದಿಲ್ಲ, ಗೋಡೆಯಾಚೆ ಕ್ರೇನುಗಳಷ್ಟೇ ಕಾಣುತ್ತವೆ. 1944ರ ಏಪ್ರಿಲ್ 14ರಂದು ಇದೇ ಬಂದರಿನ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕೀನ್ ಅನ್ನೋ ಹಡಗು ಸಿಡಿಯಿತು. ಅದರಲ್ಲಿ ಹತ್ತಿ, ಸ್ಫೋಟಕ, ಚಿನ್ನ ಎಲ್ಲ ಒಟ್ಟಿಗೇ ಇತ್ತು. ಹತ್ತಿಗೆ ಹೊತ್ತಿದ ಬೆಂಕಿ ಸ್ಫೋಟಕಕ್ಕೆ ತಲುಪಿ ನೂರಾರು ಜನ ಸತ್ತರು. ಬೆಂಕಿ ಆರಿಸಲು ಹೋದ ಅಗ್ನಿಶಾಮಕ ದಳದ 66 ಜನ ತಿರುಗಿ ಬರಲಿಲ್ಲ. ದೇಶದಲ್ಲೆಲ್ಲ ಏಪ್ರಿಲ್ 14ರಿಂದ ಅಗ್ನಿಶಾಮಕ ವಾರ ಆಚರಿಸುವುದು ಅವರ ನೆನಪಿಗೆ. ನಮ್ಮೂರ ಶಾಲೆಗಳಲ್ಲೂ ಆ ವಾರ ಬೆಂಕಿ ಆರಿಸಿ ತೋರಿಸುತ್ತಾರೆ, ಆದರೆ ಯಾಕೆ ಅಂತ ಎಷ್ಟು ಮಕ್ಕಳಿಗೆ ಗೊತ್ತಿದೆ ಹೇಳಿ?

ಎರಡನೇ ದಿನ ಬೆಳಿಗ್ಗೆ ಗೇಟ್‌ವೇ ಆಫ್ ಇಂಡಿಯಾಗೆ ಹೋಗಿ ಘಾರಾಪುರಿಯ ದೋಣಿ ಹಿಡಿಯಿರಿ. ಎಲಿಫೆಂಟಾ ಗುಹೆಗಳ ದ್ವೀಪ ಅಂತಾರಲ್ಲ, ಅದೇ. ಸುಮಾರು ಒಂದು ಗಂಟೆಯ ದಾರಿ, ಮತ್ತು ಆ ಒಂದು ಗಂಟೆಯಲ್ಲೇ ಬಂದರು ಪೂರ್ತಿ ನಿಮ್ಮ ಕಣ್ಣಿಗೆ ಬೀಳುತ್ತದೆ: ಲಂಗರು ಹಾಕಿ ಸರದಿ ಕಾಯುವ ಹಡಗುಗಳು, ನೌಕಾಪಡೆಯ ಡಾಕ್‌ಯಾರ್ಡ್, ಎಣ್ಣೆ ಹಡಗುಗಳು ಬರುವ ಜವಾಹರ್ ದ್ವೀಪ, ದೂರದಲ್ಲಿ ನ್ಹಾವಾ ಶೇವಾದ ದೊಡ್ಡ ಕ್ರೇನುಗಳು. 1989ರಲ್ಲಿ ಆ ಹೊಸ ಬಂದರು ಶುರುವಾದ ಮೇಲೆ ಕಂಟೇನರ್ ವ್ಯವಹಾರ ಹೆಚ್ಚಾಗಿ ಅಲ್ಲಿಗೇ ಹೋಯಿತು.

ನೀವು ಬಾಗಲಕೋಟೆಯವರು, ಅದಕ್ಕೇ ಇದನ್ನು ಹೇಳಲೇಬೇಕು. ನಿಮ್ಮ ಜಿಲ್ಲೆಯ ಐಹೊಳೆಯಲ್ಲಿ, ಮೇಗುತಿ ಗುಡಿಯ ಗೋಡೆಯ ಮೇಲೆ ರವಿಕೀರ್ತಿಯ ಶಾಸನ ಇದೆ ಅಲ್ವಾ, 634ರದ್ದು? ಇಮ್ಮಡಿ ಪುಲಕೇಶಿ ಮದಗಜಗಳ ಹಿಂಡಿನಂಥ ನೂರಾರು ಹಡಗುಗಳೊಂದಿಗೆ ಪಶ್ಚಿಮ ಸಮುದ್ರದ ಲಕ್ಷ್ಮಿಯಾದ ಪುರಿಗೆ ಮುತ್ತಿಗೆ ಹಾಕಿದ ಅಂತ ಅದರಲ್ಲಿ ಬರುತ್ತದೆ. ಆ ಪುರಿ ಈ ಘಾರಾಪುರಿಯೇ ಅನ್ನುವ ಇತಿಹಾಸಕಾರರು ಹಲವರಿದ್ದಾರೆ, ಒಪ್ಪದೆ ಬೇರೆ ಜಾಗ ಹೇಳುವವರೂ ಇದ್ದಾರೆ. ದೋಣಿ ಹೊರಡುವ ಮುಂಚೆ ಅಪ್ಪನಿಗೆ ಈ ಕಥೆ ಹೇಳಿಬಿಡಿ, ಆಗ ದ್ವೀಪ ಹತ್ತಿರ ಬರುವಾಗ ಅವರು ನೋಡುವ ರೀತಿಯೇ ಬೇರೆ ಆಗುತ್ತದೆ. ಬಾದಾಮಿಯ ಗುಹೆ ನೋಡಿದ ಕಣ್ಣಿಗೆ ಇಲ್ಲಿನ ಕೆಲಸ ತಕ್ಷಣ ಹತ್ತಿರ ಅನ್ನಿಸುತ್ತದೆ. ಮೂರು ಮುಖದ ಸದಾಶಿವನ ಎತ್ತರ ಸುಮಾರು 6 ಮೀಟರ್. ಅವಸರ ಮಾಡಬೇಡಿ, ಕತ್ತಲಿಗೆ ಕಣ್ಣು ಹೊಂದುವವರೆಗೆ ಸುಮ್ನೆ ನಿಂತುಕೊಳ್ಳಿ, ಆಮೇಲೆ ನಡುವಿನ ಮುಖದ ಮುಚ್ಚಿದ ಕಣ್ಣು ನಿಧಾನವಾಗಿ ಕಾಣುತ್ತದೆ. ಹತ್ತುವುದು ನೂರಕ್ಕೂ ಜಾಸ್ತಿ ಮೆಟ್ಟಿಲು. ಮೊಣಕಾಲು ನೋವಿದ್ದರೆ ಡೋಲಿ ಸಿಗುತ್ತದೆ, ಬೆಲೆ ಮೊದಲೇ ಮಾತಾಡಿಕೊಳ್ಳಿ. ಸೋಮವಾರ ಗುಹೆ ಮುಚ್ಚಿರುತ್ತದೆ, ಟಿಕೆಟ್ ಮಾಡಿಸುವಾಗಲೇ ಇದನ್ನು ನೆನಪಿಡಿ.

ನಸುಕಿನಲ್ಲಿ ಏಳುವ ಅಭ್ಯಾಸ ಇದ್ದರೆ ಕೊಲಾಬಾದ ಸಸೂನ್ ಡಾಕ್‌ಗೂ ಹೋಗಿ. 1875ರಲ್ಲಿ ಕಟ್ಟಿದ ಡಾಕ್, ಈಗ ಮೀನಿನ ಸಂತೆ. ಐದು ಗಂಟೆಗೆಲ್ಲ ದೋಣಿಗಳಿಂದ ಬುಟ್ಟಿಗಳು ಇಳಿಯುತ್ತಿರುತ್ತವೆ, ಕೋಳಿ ಅನ್ನೋ ಮೀನುಗಾರ ಸಮುದಾಯದ ಹೆಂಗಸರು ಕೂಗಿ ಕೂಗಿ ವ್ಯಾಪಾರ ನಡೆಸುತ್ತಾರೆ. ವಾಸನೆ ಜೋರು, ನೆಲ ಜಾರುತ್ತದೆ, ಹಿರಿಯರನ್ನು ರೂಮಿನಲ್ಲೇ ಬಿಟ್ಟು ಹೋಗುವುದು ಒಳ್ಳೆಯದು. ದುಡಿಯುವವರ ಮುಖಕ್ಕೆ ಮೊಬೈಲ್ ಹಿಡಿಯಬೇಡಿ, ಅವರಿಗೆ ಅದು ಕೆಲಸದ ಹೊತ್ತು.

ಓಡಾಟದ ವಿಷಯ: ದಕ್ಷಿಣ ಮುಂಬೈಯಲ್ಲಿ ಆಟೋ ಇಲ್ಲ, ಟ್ಯಾಕ್ಸಿ ಅಥವಾ ಬಸ್ಸು. ಲೋಕಲ್ ರೈಲನ್ನು ಮಧ್ಯಾಹ್ನ ಹತ್ತಿ, ಬೆಳಿಗ್ಗೆ ಮತ್ತು ಸಂಜೆಯ ನೂಕುನುಗ್ಗಲಿಗೆ ಹಿರಿಯರನ್ನು ಒಯ್ಯಬೇಡಿ. ಸಮಯ ಉಳಿದರೆ ಸಿಎಸ್‌ಎಂಟಿಯಿಂದ ಹಾರ್ಬರ್ ಲೈನ್ ಹಿಡಿದು ಶಿವಡಿಗೆ ಹೋಗಿ. ದಾರಿಯಲ್ಲಿ ಡಾಕ್‌ಯಾರ್ಡ್ ರೋಡ್, ರೇ ರೋಡ್, ಕಾಟನ್ ಗ್ರೀನ್ ಬರುತ್ತವೆ. ಕಾಟನ್ ಗ್ರೀನ್ ಅನ್ನೋ ಹೆಸರೇ ಹತ್ತಿಯನ್ನು ನೆನಪಿಸುತ್ತದೆ. 1861ರಿಂದ 65ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿಗೆ ಅಲ್ಲಿನ ಹತ್ತಿ ಬರುವುದು ನಿಂತಾಗ ಮುಂಬೈಗೆ ಹಣದ ಹೊಳೆ ಹರಿಯಿತು. ನಮ್ಮ ಎರೆಹೊಲಗಳ ಹತ್ತಿಗೂ ಆಗ ಬಂಗಾರದ ಬೆಲೆ. ಶಿವಡಿ ಜೆಟ್ಟಿಯ ಕೆಸರಿನಲ್ಲಿ ಚಳಿಗಾಲದಿಂದ ಮೇ ತಿಂಗಳವರೆಗೆ ರಾಜಹಂಸಗಳು ಇಳಿಯುತ್ತವೆ, ಪಕ್ಕದಲ್ಲೇ 2024ರಲ್ಲಿ ತೆರೆದ 21.8 ಕಿಲೋಮೀಟರಿನ ಅಟಲ್ ಸೇತು. ನೀರು ಇಳಿದಾಗ ಹಕ್ಕಿಗಳು ದೂರದ ಕೆಸರಿಗೆ ಹೋಗಿಬಿಡುತ್ತವೆ, ಆದ್ದರಿಂದ ಆ ದಿನದ ಭರತ-ಇಳಿತದ ವೇಳೆ ನೋಡಿಕೊಂಡೇ ರೈಲು ಹತ್ತಿ.