ಕೊಟ್ಟವನಿಗೆ ಹಾರ, ಕಾಯುವವಳಿಗೆ ಡೋಲೊ

ಈ ವಾರ ಬಂದ ಒಂದು ಪತ್ರ ಓದಿ ನನಗೆ ಸಿಟ್ಟು ಬಂತು. ದಾವಣಗೆರೆಯ ಹೆಣ್ಣುಮಗಳೊಬ್ಬರು ಬೆಂಗಳೂರಿನ ಬಾಡಿಗೆ ರೂಮಿನಲ್ಲಿ ಕೂತು ಬರೆದದ್ದು.

ಗಂಡನಿಗೆ ರಕ್ತದ ಕ್ಯಾನ್ಸರ್. ಬೋನ್ ಮ್ಯಾರೋ (ಮೂಳೆಯೊಳಗಿನ ಮಜ್ಜೆ) ಕಸಿ ಆಗಿ ಐವತ್ತು ದಿನ. ಅದಕ್ಕೆ ಸ್ಟೆಮ್ ಸೆಲ್, ಅಂದರೆ ಹೊಸ ರಕ್ತ ಹುಟ್ಟಿಸುವ ಕಣ, ಕೊಟ್ಟದ್ದು ಮೈದುನ. ನೂರು ದಿನ ಆಸ್ಪತ್ರೆಯ ಹತ್ತಿರವೇ ಇರಬೇಕು ಎಂದಿದ್ದಾರೆ, ಹಾಗಾಗಿ ಗಂಡ ಹೆಂಡತಿ ಇಬ್ಬರೇ ಅಲ್ಲಿದ್ದಾರೆ. ಆರು ವರ್ಷದ ಮಗಳು ಊರಲ್ಲಿ ಅಜ್ಜಿಯ ಹತ್ತಿರ. ಗಂಡ ಮಾತುಮಾತಿಗೆ ರೇಗುತ್ತಾರೆ. ಅತ್ತೆ ಫೋನ್ ಮಾಡಿದಾಗೆಲ್ಲ ‘ನನ್ನ ಮಗನ ಮೇಲೆ ಏನೋ ಪ್ರಯೋಗ ಮಾಡ್ತಿದಾರೆ’ ಎಂದು ಅಳುತ್ತಾರೆ. ‘ನನಗೆ ಧೈರ್ಯವೇ ಉಳಿದಿಲ್ಲ, ಭರವಸೆ ಎಲ್ಲಿಂದ ತರಲಿ?’ ಎಂದು ಕೇಳಿದ್ದಾರೆ.

ಅತ್ತೆಯವರದ್ದು ಮೊದಲು ಮುಗಿಸಿಬಿಡೋಣ. ಇದು ಪ್ರಯೋಗ ಅಲ್ಲ. ಮುಂಬೈಯ ಟಾಟಾ ಆಸ್ಪತ್ರೆಯಲ್ಲಿ ಈ ಕಸಿ ಶುರುವಾಗಿದ್ದು 1983ರಲ್ಲಿ. ಇನ್ನು ಗಂಡನ ಸಿಟ್ಟು. ಸ್ಟೀರಾಯ್ಡ್ ಮಾತ್ರೆ ನಡೀತಿದೆ ಅಂತ ನೀವೇ ಬರೆದಿದ್ದೀರಿ. ಆ ಮಾತ್ರೆಗೆ ನಿದ್ದೆ ಕೆಡಿಸುವ, ಸಿಡುಕು ತರುವ ಗುಣ ಇದೆ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಯಜಮಾನರ ಎದುರಿಗೇ ಈ ವಿಷಯ ಎತ್ತಿ. ಅವರನ್ನು ಸದ್ಯಕ್ಕೆ ಕ್ಷಮಿಸಿಬಿಡೋಣ.

ನನಗೆ ಸಿಟ್ಟು ತರಿಸಿದ್ದು ಎರಡನೇ ಪುಟದ ಕೊನೆಯ ಸಾಲು. ‘ಹೋದ ವಾರ ನನಗೂ ಸ್ವಲ್ಪ ಜ್ವರ, ಗಂಟಲು ನೋವು ಇತ್ತು. ಡೋಲೊ ನುಂಗಿ ಅಡುಗೆ ಮಾಡಿದೆ. ಯಾರಿಗೂ ಹೇಳಲಿಲ್ಲ.’ ಇಷ್ಟು ಬರೆದು, ಮುಂದಿನ ಸಾಲಿನಲ್ಲೇ ನೆಂಟರು ಹಣ್ಣಿನ ಬುಟ್ಟಿ ತರುವ ವಿಷಯಕ್ಕೆ ಹೋಗಿಬಿಟ್ಟಿದ್ದೀರಿ!

ಅಲ್ಲಮ್ಮಾ, ನಿಮ್ಮ ಯಜಮಾನರ ಹಳೆಯ ಮಜ್ಜೆಯನ್ನು ಕೀಮೋ ಕೊಟ್ಟು ಖಾಲಿ ಮಾಡಿದ್ದಾರೆ. ತಮ್ಮನ ಕಣಗಳು ಈಗಷ್ಟೇ ನೆಲೆ ನಿಂತಿವೆ. ಅವು ಅಣ್ಣನ ಮೈಯನ್ನೇ ಪರಕೀಯ ಅಂದುಕೊಂಡು ತಿರುಗಿಬೀಳಬಾರದು ಅಂತ ಅವನ್ನು ತಗ್ಗಿಸಿಡುವ ಮಾತ್ರೆ ಬೇರೆ ನಡೀತಿದೆ. ಚಿಕ್ಕಂದಿನ ಲಸಿಕೆಗಳನ್ನೂ ಮುಂದೆ ಮತ್ತೆ ಮೊದಲಿನಿಂದ ಹಾಕಿಸಬೇಕಾಗುತ್ತದೆ. ನಿಮಗೆ ಮೂರು ದಿನದ ನೆಗಡಿ ಆಗಿದ್ದು ಅವರಿಗೆ ನ್ಯುಮೋನಿಯಾ ಆಗಬಹುದು. ಅವರಿಗೆ 100.4 ಡಿಗ್ರಿ ಜ್ವರ ಬಂದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು, ಮನೆಯಲ್ಲೇ ಮಾತ್ರೆ ಕೊಟ್ಟು ಜ್ವರ ಮುಚ್ಚಿಡಬಾರದು ಎಂದು ನಿಮಗೆ ಹೇಳಿರುತ್ತಾರೆ. ನಿಮ್ಮ ಜ್ವರವನ್ನೂ ಹಾಗೇ ಮುಚ್ಚಿಡಬಾರದು. ಹೋದ ವಾರದ್ದನ್ನು ನಾಳೆಯೇ ಆಸ್ಪತ್ರೆಯವರಿಗೆ ಹೇಳಿ. ಬೈದರೆ ಬೈಸಿಕೊಳ್ಳಿ.

ನೀವು ಯಾಕೆ ಹೇಳಲಿಲ್ಲ ಅಂತ ನನಗೆ ಗೊತ್ತು. ಹೇಳಿದರೆ ‘ನೀವು ದೂರ ಇರಿ, ಬೇರೆಯವರನ್ನು ಕರೆಸಿ’ ಅನ್ನುತ್ತಾರೆ. ಬೇರೆಯವರು ಯಾರಿದ್ದಾರೆ?

ಇದ್ದಾರೆ. ನಿಮ್ಮ ಮೈದುನ, ದಾವಣಗೆರೆ ಚೌಕಿಪೇಟೆಯ ಬಟ್ಟೆ ಅಂಗಡಿಯಲ್ಲಿ ಕೂತಿದ್ದಾರೆ. ಅವರು ಊರಿಗೆ ವಾಪಸಾದಾಗ ಮನೆಯವರೆಲ್ಲ ಸೇರಿ ಹಾರ ಹಾಕಿದರು, ಆ ಫೋಟೊ ಇವತ್ತಿಗೂ ವಾಟ್ಸಾಪ್ ಗ್ರೂಪಿನಲ್ಲಿ ಓಡಾಡುತ್ತಿದೆ ಎಂದು ಬರೆದಿದ್ದೀರಿ. ಮೈದುನ ಮಾಡಿದ್ದು ದೊಡ್ಡ ಕೆಲಸವೇ. ಒಡಹುಟ್ಟಿದವರಲ್ಲೂ ಒಬ್ಬೊಬ್ಬರದು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು ಅಷ್ಟೆ. ಹೊಂದಿದರೂ ಹೆದರಿ ಹಿಂದೆ ಸರಿಯುವವರಿದ್ದಾರೆ. ಇವರು ಸರಿಯಲಿಲ್ಲ, ಸಂತೋಷ. ಆದರೆ ಆ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತೆ? ನಾಲ್ಕೈದು ದಿನ ಇಂಜೆಕ್ಷನ್, ಸ್ವಲ್ಪ ಮೈಕೈ ನೋವು. ಆಮೇಲೆ ನಾಲ್ಕಾರು ಗಂಟೆ ಮಿಷನ್ ಪಕ್ಕ ಮಲಗಿದರೆ ಒಂದು ತೋಳಿಂದ ರಕ್ತ ಹೋಗುತ್ತದೆ, ಸ್ಟೆಮ್ ಸೆಲ್ ತೆಗೆದುಕೊಂಡು ಉಳಿದದ್ದು ಇನ್ನೊಂದು ತೋಳಿಗೆ ಬರುತ್ತದೆ. ನೀವು ಐವತ್ತು ದಿನದಿಂದ ಹೊತ್ತು ಹೊತ್ತಿಗೆ ಬಿಸಿ ಅಡುಗೆ ಮಾಡುತ್ತಿದ್ದೀರಿ, ನೀರು ಕುದಿಸುತ್ತಿದ್ದೀರಿ, ಬಚ್ಚಲು ತಿಕ್ಕುತ್ತಿದ್ದೀರಿ. ನಿಮಗೆ ಯಾರು ಹಾರ ಹಾಕಿದರು?

‘ನನ್ನ ಪಾಲಿನದು ಕೊಟ್ಟಾಯ್ತಲ್ಲ ಅತ್ತಿಗೆ’ ಅಂದರಂತೆ. ಈ ಮಾತು ನನಗೆ ಹಿಡಿಸಲಿಲ್ಲ. ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ: ರೋಗಿಯನ್ನು ನೋಡಿಕೊಳ್ಳುವುದಕ್ಕೂ ಹತ್ತಿ ಮಿಲ್ಲಿನ ಹಾಗೆ ಪಾಳಿ ಇರಬೇಕು. ಮಿಲ್ಲು ಕಂಡ ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಮನೆಯಲ್ಲಿ ಕಾಯಿಲೆ ಬಂದ ಕೂಡಲೇ ಎಲ್ಲ ಪಾಳಿಯೂ ಸೊಸೆಯದೇ ಆಗುತ್ತದೆ, ಉಳಿದವರು ಸಂಜೆ ಫೋನ್ ಮಾಡಿ ‘ಹೇಗಿದಾರೆ’ ಅಂತ ಕೇಳುತ್ತಾರೆ.

ಭರವಸೆ ಕೇಳಿದಿರಿ. ಅದೂ ನಿಮ್ಮ ಪತ್ರದಲ್ಲೇ ಇದೆ. ಮೂವತ್ತನೇ ದಿನದ ಪರೀಕ್ಷೆಯಲ್ಲಿ ರಕ್ತದ ಕಣಗಳೆಲ್ಲ ತಮ್ಮನವೇ ಎಂದು ಬಂತು ಅಂತ ಬ್ರಾಕೆಟ್ಟಿನಲ್ಲಿ ಬರೆದಿದ್ದೀರಿ. ಇಂಥ ಸುದ್ದಿಯನ್ನು ಯಾರಾದರೂ ಬ್ರಾಕೆಟ್ಟಿನಲ್ಲಿ ಹಾಕುತ್ತಾರಾ? ಕಸಿ ಹಿಡಿದಿದೆ ಅಂತ ಅದರರ್ಥ. ಇಬ್ಬರ ಬ್ಲಡ್ ಗ್ರೂಪ್ ಬೇರೆಯಾಗಿದ್ದರೆ, ನಿಧಾನಕ್ಕೆ ಅಣ್ಣನದೂ ತಮ್ಮನ ಗ್ರೂಪಿಗೇ ಬದಲಾಗುತ್ತದೆ. ಅಪಾಯ ಪೂರ್ತಿ ಕಳೆಯಿತು ಅಂತ ನಾನು ಹೇಳುವುದಿಲ್ಲ. ಚರ್ಮದಲ್ಲಿ ಕೆಂಪು ಗಂದೆ, ಭೇದಿ, ಕಣ್ಣು ಹಳದಿ, ಯಾವುದು ಕಂಡರೂ ತಡಮಾಡಬೇಡಿ. ಆದರೆ ಇಂಥ ಒಳ್ಳೆಯ ಸುದ್ದಿಯೂ ತಲೆಗೆ ಹೋಗದಷ್ಟು ನೀವು ನಿದ್ದೆಗೆಟ್ಟಿದ್ದೀರಿ. ಧೈರ್ಯದ ಮಾತು ನಾನು ಎಷ್ಟು ಬರೆದರೂ ಸುಮ್ನೆ. ಮೊದಲು ಮಲಗಬೇಕು.

ಆದ್ದರಿಂದ ಒಂದೇ ಕೆಲಸ ಹೇಳುತ್ತೇನೆ. ಇವತ್ತು ರಾತ್ರಿ ಮೈದುನನಿಗೆ ಫೋನ್ ಮಾಡಿ. ‘ನಿನಗೆ ಆಗುತ್ತೇನಪ್ಪ’ ಅಂತ ಕೇಳಬೇಡಿ. ‘ಹದಿನೈದು ದಿನಕ್ಕೆ ಬಟ್ಟೆ ತಗೊಂಡು ನಾಳೆ ಬಾ’ ಅನ್ನಿ. ಶೀತ, ಕೆಮ್ಮು ಇದ್ದರೆ ಮಾತ್ರ ವಾಸಿಯಾದ ಮೇಲೆ ಬರಲಿ. ಎರಡು ದಿನ ಜೊತೆಗಿದ್ದು ಮಾತ್ರೆ ಡಬ್ಬಿ ತೋರಿಸಿ. ಪರೀಕ್ಷೆಗೆ ರಕ್ತ ಕೊಡುವ ದಿನ ಬೆಳಗಿನ ಸೈಕ್ಲೋಸ್ಪೊರಿನ್ (ತಮ್ಮನ ಕಣಗಳನ್ನು ತಗ್ಗಿಸಿಡುವ ಮಾತ್ರೆ) ರಕ್ತ ಕೊಟ್ಟ ಮೇಲೇ ನುಂಗಿಸಬೇಕು ಅನ್ನುವುದನ್ನು ಬರೆದು ಗೋಡೆಗೆ ಅಂಟಿಸಿ. ಆಮೇಲೆ ಊರಿಗೆ ಹೋಗಿ, ಮಗಳ ಪಕ್ಕ ಮಲಗಿ. ವಾಪಸ್ ಬರುವಾಗ ಅವಳಿಗೋ ನಿಮಗೋ ನೆಗಡಿ ಇದ್ದರೆ ಡಾಕ್ಟರನ್ನು ಕೇಳಿಯೇ ಹೊರಡಿ.

ಅಂಗಡಿ ಯಾರು ನೋಡ್ಕೊಳ್ತಾರೆ ಅಂದರೆ, ಇಂಜೆಕ್ಷನ್ ತಗೊಂಡ ವಾರ ಯಾರು ನೋಡಿಕೊಂಡರೋ ಅವರೇ. ಅಡುಗೆ ಬರಲ್ಲ ಅಂದರೆ, ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಹೊಯ್ಯುವವರು, ಮಿರ್ಚಿ ಕರಿಯುವವರು ಹೆಚ್ಚಿನವರು ಗಂಡಸರೇ ಅಲ್ವಾ ಅಂತ ಕೇಳಿ. ಅನ್ನ, ಬೇಳೆ ಸಾರು ಎರಡು ದಿನದಲ್ಲಿ ಕಲಿಯಬಹುದು. ರೈಲಿಗೆ ಟಿಕೆಟ್ ಸಿಗಲಿಲ್ಲ ಅಂದರೆ, ಬೆಂಗಳೂರಿಗೆ ರಾತ್ರಿ ಬಸ್ಸುಗಳಿಗೇನೂ ಬರ ಇಲ್ಲ.