ಬಸುರಿಗೆ ಹೆಪಟೈಟಿಸ್ ಬಿ: ಮಗುವಿನ ಮೊದಲ ದಿನವೇ ಮುಖ್ಯ

ಪ್ರಶ್ನೆ: ಹೆಂಡತಿಗೆ ಈಗ ಆರು ತಿಂಗಳು. ರಕ್ತಪರೀಕ್ಷೆಯಲ್ಲಿ ಎಚ್‌ಬಿಎಸ್‌ಎಜಿ (ಹೆಪಟೈಟಿಸ್ ಬಿ ವೈರಸ್ಸಿನ ಗುರುತು) ಪಾಸಿಟಿವ್ ಬಂದಿದೆ. ಕಣ್ಣು ಹಳದಿಯಾಗಿಲ್ಲ, ಸುಸ್ತೂ ಇಲ್ಲ. ಹೆರಿಗೆಗೆ ಮಧುಗಿರಿಯ ತವರಿಗೆ ಹೋಗುತ್ತಾಳೆ. ಕಾಮಾಲೆಗೆ ನಾಟಿ ಔಷಧಿ ಕುಡಿಸೋಣ ಅಂತಾರೆ ಅಮ್ಮ. ಮಗುವಿಗೂ ಬರುತ್ತದೆಯೇ? ಎದೆಹಾಲು ಕೊಡಬಹುದೇ?
– ಓದುಗರು, ಗೌರಿಬಿದನೂರು

ಉತ್ತರ: ಮಗುವಿಗೆ ಬಾರದಂತೆ ತಡೆಯುವ ದಾರಿ ಇದೆ, ನಿಮಗೆ ಸಮಯವೂ ಇದೆ. ಕಾಮಾಲೆ ಕಾಣದಿದ್ದರೂ ಸೋಂಕು ಇರಬಹುದು. ವರ್ಷಗಟ್ಟಲೆ ಸುಮ್ಮನಿರುವುದೇ ಈ ವೈರಸ್ಸಿನ ಸ್ವಭಾವ.

ಈ ವಾರವೇ ವೈರಲ್ ಲೋಡ್ (ಎಚ್‌ಬಿವಿ ಡಿಎನ್‌ಎ), ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ ಪರೀಕ್ಷೆಗೆ ರಕ್ತ ಕೊಡಿಸಿ. ಜೊತೆಗೆ ಎಸ್‌ಜಿಪಿಟಿ (ಯಕೃತ್ತಿನ ಪರೀಕ್ಷೆ), ಪ್ಲೇಟ್‌ಲೆಟ್, ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ) ಇರಲಿ. ಲೋಡ್ ಮಿಲಿಲೀಟರಿಗೆ 2 ಲಕ್ಷ ಐಯು ದಾಟಿದ್ದರೆ 28ನೇ ವಾರದಿಂದ ದಿನಕ್ಕೊಂದು, ವೈರಸ್ ತಗ್ಗಿಸುವ ಟೆನೊಫೊವಿರ್ 300 ಮಿಲಿಗ್ರಾಂ ಮಾತ್ರೆ ಬರೆದುಕೊಡುತ್ತಾರೆ. ತಡವಾಗಿ ಶುರುವಾದರೆ ಹೆರಿಗೆ ಹೊತ್ತಿಗೆ ಲೋಡ್ ಇಳಿದಿರುವುದಿಲ್ಲ. ಹೆರಿಗೆಯಾಯಿತೆಂದು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಯಕೃತ್ತಿನ ಉರಿಯೂತ ಒಮ್ಮೆಲೇ ಕೆರಳಬಹುದು. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ, ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ.

ಸೋಂಕು ಹೆಚ್ಚಾಗಿ ದಾಟುವುದು ಹೆರಿಗೆಯ ಹೊತ್ತಿನಲ್ಲಿ, ತಾಯಿಯ ರಕ್ತದಿಂದ. ಹಾಗಾಗಿ ಹುಟ್ಟಿದ 24 ಗಂಟೆಯೊಳಗೆ, ಆದಷ್ಟೂ ಬೇಗ, ಮಗುವಿನ ತೊಡೆಗೆ ಹೆಪಟೈಟಿಸ್ ಬಿ ಲಸಿಕೆ 0.5 ಮಿಲೀ ಬೀಳಲೇಬೇಕು. 12 ಗಂಟೆಯೊಳಗೆ ಇನ್ನೊಂದು ತೊಡೆಗೆ ಇಮ್ಯುನೊಗ್ಲಾಬ್ಯುಲಿನ್ (ಈ ವೈರಸ್ ವಿರುದ್ಧದ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ. 'ಆರನೇ ವಾರದ ಪೆಂಟಾವೇಲೆಂಟ್ ಲಸಿಕೆಯಲ್ಲಿ (ಐದು ರೋಗಗಳಿಗೆ ಒಟ್ಟಿಗೆ ಕೊಡುವುದು) ಹೇಗೂ ಇದೆಯಲ್ಲ' ಎಂದು ಬಿಡುವಂತಿಲ್ಲ. ಅಷ್ಟರಲ್ಲಿ ವೈರಸ್ ಯಕೃತ್ತಿನಲ್ಲಿ ನೆಲೆಯೂರಿರುತ್ತದೆ. ಹುಟ್ಟುವಾಗಲೇ ಸೋಂಕು ತಗಲಿದ ಮಕ್ಕಳಲ್ಲಿ ನೂರಕ್ಕೆ ಸುಮಾರು 90 ಮಂದಿಗೆ ಅದು ದೀರ್ಘಕಾಲ ಉಳಿದುಬಿಡುತ್ತದೆ. 6, 10, 14ನೇ ವಾರದ ಡೋಸುಗಳು ಆಮೇಲೆ ಎಂದಿನಂತೆ.

ಎಡವಟ್ಟಾಗುವುದು ಇಲ್ಲೇ: ರಿಪೋರ್ಟು ಗೌರಿಬಿದನೂರಿನ ಬೀರುವಿನಲ್ಲಿ, ಹೆರಿಗೆ ಮಧುಗಿರಿಯಲ್ಲಿ, ಅದೂ ಭಾನುವಾರ ರಾತ್ರಿ. ಆದ್ದರಿಂದ ತಾಯಿ ಕಾರ್ಡಿನ ಮೇಲೆ ಎದ್ದು ಕಾಣುವಂತೆ ಬರೆಸಿ, ಎರಡೂ ಊರಿನ ಆಶಾ ಕಾರ್ಯಕರ್ತೆಯರಿಗೆ ತಿಳಿಸಿ. ಇಮ್ಯುನೊಗ್ಲಾಬ್ಯುಲಿನ್ ಎಲ್ಲ ಕಡೆ ದಾಸ್ತಾನಿರುವುದಿಲ್ಲ. ಎಂಟನೇ ತಿಂಗಳಲ್ಲೇ ಹೆರಿಗೆಯ ಆಸ್ಪತ್ರೆಗೆ ಹೋಗಿ ಕೇಳಿ. ಅದು ಸಿಗದಿದ್ದರೂ ಲಸಿಕೆ ಮಾತ್ರ ತಪ್ಪಕೂಡದು.

ಎದೆಹಾಲು ಧಾರಾಳವಾಗಿ ಕೊಡಲಿ. ಇದೊಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ. ಬಾಣಂತಿಗೆ ಬೇರೆ ತಟ್ಟೆ ಲೋಟ ಇಡುವುದಂತೂ ಅನ್ಯಾಯ, ಊಟದಿಂದ ಇದು ಹರಡುವುದಿಲ್ಲ. ಬ್ಲೇಡು, ಉಗುರು ಕತ್ತರಿ, ಹಲ್ಲುಜ್ಜುವ ಬ್ರಷ್ ಮಾತ್ರ ಬೇರೆ ಇರಲಿ. ನೀವು ಪರೀಕ್ಷೆ ಮಾಡಿಸಿ. ನೆಗೆಟಿವ್ ಬಂದು, ಮೊದಲು ಲಸಿಕೆ ಆಗಿರದಿದ್ದರೆ 0, 1, 6 ತಿಂಗಳ ಲೆಕ್ಕದಲ್ಲಿ ಮೂರು ಡೋಸ್ ಹಾಕಿಸಿಕೊಳ್ಳಿ. ನಾಟಿ ಔಷಧಿ ಬೇಡ. ಈ ವೈರಸ್ಸನ್ನು ಅದು ಓಡಿಸುವುದಿಲ್ಲ, ಬಸುರಿಯ ಯಕೃತ್ತಿಗೆ ಹೊರೆಯಾಗಬಹುದು. ಅಮ್ಮನಿಗೆ ಇದನ್ನು ಸಮಾಧಾನವಾಗಿ ಹೇಳಿ.

ಮಗುವಿಗೆ 9ರಿಂದ 12 ತಿಂಗಳಾದಾಗ ಎಚ್‌ಬಿಎಸ್‌ಎಜಿ, ಆಂಟಿ-ಎಚ್‌ಬಿಎಸ್ (ರಕ್ಷಣೆ ಕೊಡುವ ಪ್ರತಿಕಾಯ) ಎರಡನ್ನೂ ನೋಡಿಸಿ.

ಪ್ರಶ್ನೆ: ಅಪ್ಪನಿಗೆ ಹೆಪಟೈಟಿಸ್ ಸಿ ಮಾತ್ರೆ 12 ವಾರ ಮುಗಿದಿದೆ. ಕಾರ್ಡ್ ಟೆಸ್ಟ್ ಈಗಲೂ ಪಾಸಿಟಿವ್. ಮತ್ತೆ ಮಾತ್ರೆ ಬೇಕೇ?
– ಓದುಗರು, ಶ್ರೀನಿವಾಸಪುರ

ಉತ್ತರ: ಆ ಟೆಸ್ಟ್ ತೋರಿಸುವುದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನು. ಗುಣವಾದ ಮೇಲೂ ಅದು ವರ್ಷಾನುಗಟ್ಟಲೆ ಉಳಿಯುತ್ತದೆ. ಕೊನೆಯ ಮಾತ್ರೆಯಿಂದ 12 ವಾರ ಬಿಟ್ಟು ವೈರಸ್ಸನ್ನೇ ಹುಡುಕುವ ಎಚ್‌ಸಿವಿ ಆರ್‌ಎನ್‌ಎ ಪರೀಕ್ಷೆ ಮಾಡಿಸಿ. ವೈರಸ್ ಕಾಣದಿದ್ದರೆ ಅವರು ಗುಣವಾಗಿದ್ದಾರೆ. ಮೊದಲೇ ಸಿರೋಸಿಸ್ (ಯಕೃತ್ತು ಗಾಯಗಟ್ಟಿ ಗಡಸಾಗುವುದು) ಆಗಿದ್ದರೆ ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಮುಂದುವರಿಯಲಿ.